ಹಾಕಗೊಡದ ಹಿಡಿ ಮಣ್ಣು

ಮರದ ಹೊಟ್ಟು, ಹಲಗೆ ಅಂಟಿಸುವ ಬಿಸಿ ಸರೇಸು. ನನ್ನ ಬಾಲ್ಯದ ವಾಸನೆಯೆಂದರೆ ಅದೇ. ಅಪ್ಪ ಶವಪೆಟ್ಟಿಗೆ ಮಾಡುತ್ತಿದ್ದರು. ಊರವರಿಂದೆಲ್ಲ ಬೈಸಿಕೊಂಡವನು ಸತ್ತರೂ ಅದೇ ಹಲಗೆ, ಅದೇ ನುಣುಪು.

"ಅವನಿಗ್ಯಾಕಪ್ಪಾ ಇಷ್ಟು ಉಜ್ಜೋದು?" ಎಂದರೆ, "ನಂಗೆ ಬರೋದು ಉದ್ದ ಅಗಲ ಅಳೆಯೋದು ಮಾತ್ರ, ಮಗಳೇ. ಮಿಕ್ಕಿದ್ದು ಅಳೆಯೋನು ಮೇಲಿದ್ದಾನೆ," ಎನ್ನುತ್ತಿದ್ದರು.

ಅಂಥವರ ಮಗಳು ನಾನು, ನನ್ನ ಮಗನನ್ನು ಮಣ್ಣು ಮಾಡುವ ದಿನ ಸೊಸೆಯನ್ನು ಅಳೆದುಬಿಟ್ಟೆ.

ಎದೆನೋವು ಬಂದಾಗ ಮಗ ಮನೆಯಲ್ಲಿ ಒಬ್ಬನೇ ಇದ್ದ. ಹೆಂಡತಿಗೆ ಮೂರು ಸಲ ಫೋನ್ ಮಾಡಿದ; ಅವಳು ಎತ್ತಲಿಲ್ಲ. ಸಮಾಧಿಗೆ ಎಲ್ಲರೂ ಹಿಡಿ ಮಣ್ಣು ಹಾಕುವಾಗ ನಾನು ಅವಳ ಮಣಿಕಟ್ಟು ಹಿಡಿದು, "ನಿನ್ನ ಕೈಯಿಂದ ಬೇಡ," ಎಂದೆ. ಅವಳು ಮುಷ್ಟಿ ಬಿಚ್ಚಲಿಲ್ಲ. ಹಾಗೇ ತಿರುಗಿ ನಡೆದಳು.

ಆಮೇಲೆ ಒಂದು ವರ್ಷ, ಚರ್ಚಿನ ಪ್ರಾರ್ಥನೆಯಲ್ಲಿ 'ನಾವು ಕ್ಷಮಿಸಿದಂತೆ ನಮ್ಮನ್ನೂ ಕ್ಷಮಿಸು' ಎಂಬ ಸಾಲು ಬಂದಾಗಲೆಲ್ಲ ನನ್ನ ತುಟಿ ನಿಂತುಬಿಡುತ್ತಿತ್ತು. ಪಕ್ಕದಲ್ಲಿ ಕೂರುವ ಟೀಚರ್, ಗಂಟಲು ಕಟ್ಟಿತೆಂದು ತಿಳಿದು ನೀರಿನ ಬಾಟಲಿ ಕೊಡುತ್ತಿದ್ದರು. ಕೊನೆಗೊಂದು ಭಾನುವಾರ ಆರಾಧನೆ ಮುಗಿಸಿ, ಕ್ಷಮಿಸಿದ್ದೇನೆ ಎಂದು ಹೇಳಿಬರಲು ಸೊಸೆಯ ಮನೆಗೆ ಹೋದೆ.

"ಆ ಕುರ್ಚಿ ಬೇಡ ಅತ್ತೆ, ಕಾಲು ಅಲ್ಲಾಡುತ್ತೆ. ನಾಳೆ ರಿಪೇರಿ ಮಾಡ್ತೀನಿ ಅಂತ ನಿಮ್ಮ ಮಗ ಆರು ವರ್ಷ ಹೇಳಿದ್ರು."

"ಬಡಗಿ ಮೊಮ್ಮಗ ನೋಡು," ಎಂದೆ. ಇಬ್ಬರಿಗೂ ನಗು ಬಂತು.

ಕಿಟಕಿಯಲ್ಲಿ ಒಂದು ಗಾಜಿನ ಲೋಟವಿತ್ತು. ಒಳಗೆ ಮುಷ್ಟಿಯ ಅಚ್ಚು ಇನ್ನೂ ಮಾಸದ, ಒಣಗಿದ ಮಣ್ಣಿನ ಹೆಂಟೆ.

"ಹಾಕೋಕೆ ನೀವು ಬಿಡಲಿಲ್ಲ," ಎಂದಳು. "ಬಿಸಾಕೋಕೆ ನನ್ನ ಕೈಲಿ ಆಗಲಿಲ್ಲ."

"ಆವತ್ತು ಫೋನು..." ಎಂದೆ.

"ಗಾರ್ಮೆಂಟ್ಸ್ ಫ್ಯಾಕ್ಟರಿಲಿ ಹೊಲಿಗೆ ಮಷೀನ್ ಹತ್ರ ಹೋಗೋ ಮುಂಚೆ ಎಲ್ಲರ ಫೋನೂ ತಗೊಂಡು ಬೀಗ ಹಾಕಿಡ್ತಾರೆ ಅತ್ತೆ. ಊಟದ ಗಂಟೆ ಹೊಡೆದ ಮೇಲೇ ಕೊಡೋದು. ನೀವು ಕೇಳಲೇ ಇಲ್ಲ."

ಹೌದು, ಕೇಳಿರಲಿಲ್ಲ. ಅವಳಿಗೆ ಕೊಡಲೆಂದು ಕ್ಷಮೆಯನ್ನು ಹೊತ್ತು ತಂದಿದ್ದೆ. ಬೇಡಬೇಕಾದವಳು ನಾನೇ ಆಗಿದ್ದೆ.

"ತಪ್ಪಾಯ್ತಮ್ಮ. ನಾಳೆ ಸಮಾಧಿ ಹತ್ರ ಹೋಗೋಣ. ನೀನೇ ಹಾಕು. ನಾನು ದೂರ ನಿಂತಿರ್ತೀನಿ."

ಅವಳು ಲೋಟದ ಹೊರಗಿನ ಧೂಳನ್ನು ಅಂಗೈಯಲ್ಲಿ ಒರೆಸಿ ಮತ್ತೆ ಅಲ್ಲೇ ಇಟ್ಟು, ಅಡುಗೆಮನೆಗೆ ಹೋದಳು. ಒಬ್ಬಳಿಗೆಂದೇ ಮಾಡಿಕೊಂಡಿದ್ದ ಅಡುಗೆ. ಅಷ್ಟನ್ನೂ ತಟ್ಟೆಗೆ ಬಡಿಸಿಕೊಂಡು ಬಂದು ನನ್ನ ಕೈಗಿಟ್ಟಳು.