ಕಾಂಚನ ಹರಿದ ಪುಟ

ಚಿಕ್ಕೋಡಿಯ ನಮ್ಮ ಕಾಲೇಜಿನಲ್ಲಿ ನಾನು ಇತಿಹಾಸ ಕಲಿಸತೊಡಗಿ ಇಪ್ಪತ್ತೆರಡು ವರ್ಷಗಳಾದವು. ಈ ಸಲ ಅಂತಿಮ ವರ್ಷದವರ ಹನ್ನೆರಡು ಕಿರುಪ್ರಬಂಧಗಳು ನನ್ನ ಮೇಜಿಗೆ ಬಂದವು. ಹನ್ನೊಂದರ ಕೊನೆಯ ಪುಟ ಒಂದೇ ಆಗಿತ್ತು. ನಿಪ್ಪಾಣಿಯ ತಂಬಾಕು ವ್ಯಾಪಾರದ ಕುರಿತು ಬರೆದವನೂ, ಮಂಗಸೂಳಿಯ ಮಲ್ಲಯ್ಯನ ಗುಡಿಯ ಕುರಿತು ಬರೆದವಳೂ ಅದೇ ಹತ್ತೊಂಬತ್ತು ಪುಸ್ತಕಗಳನ್ನು ಅದೇ ಕ್ರಮದಲ್ಲಿ ಆಧಾರಗಳೆಂದು ಹೆಸರಿಸಿದ್ದರು. ಬಸ್ ನಿಲ್ದಾಣದೆದುರಿನ ಜಕ್ಕಪ್ಪನ ಝೆರಾಕ್ಸ್ ಅಂಗಡಿಯಲ್ಲಿ ಪ್ರಬಂಧಗಳು ಟೈಪಾಗುತ್ತವೆ, ಬೈಂಡಾಗುತ್ತವೆ. ಜಕ್ಕಪ್ಪ ತನ್ನ ಕಂಪ್ಯೂಟರಿನಲ್ಲಿ ಸಿದ್ಧವಾಗಿಟ್ಟ ಆಧಾರಗ್ರಂಥಗಳ ಪುಟವೊಂದನ್ನು ತಾನಾಗಿಯೇ ಕೊನೆಗೆ ಸೇರಿಸುತ್ತಾನೆ. ಕೇಳಿದವರಿಗೂ, ಕೇಳದವರಿಗೂ.

ಪರರ ವಾಕ್ಯವನ್ನು ಹೆಸರು ಹೇಳದೆ ಎತ್ತಿಕೊಳ್ಳುವುದು ಕಳ್ಳತನ. ತೆರೆದೇ ನೋಡದ ಪುಸ್ತಕವನ್ನು ಆಧಾರವೆನ್ನುವುದು ಸುಳ್ಳುಸಾಕ್ಷಿ. ಮೊದಲನೆಯದನ್ನು ತರಗತಿಯಲ್ಲಿ ಪ್ರತಿವರ್ಷ ಗಟ್ಟಿಯಾಗಿ ಹೇಳುತ್ತಿದ್ದೆ. ಎರಡನೆಯದನ್ನು ಹೇಳುವಾಗ ಮಾತ್ರ ದನಿ ತಗ್ಗುತ್ತಿತ್ತು.

ಹನ್ನೆರಡನೆಯ ಪ್ರಬಂಧ ಸದಲಗಾದ ಕಾಂಚನಳದು. ತಂದೆ ನಾಮದೇವ ಕಬ್ಬು ಕಡಿಯುವ ಕೂಲಿ. ದೂಧಗಂಗಾ ನದಿಯ ನೆರೆ ತನ್ನ ಓಣಿಯಲ್ಲಿ ಯಾವಾಗ, ಎಲ್ಲಿಯವರೆಗೆ ಏರಿತ್ತೆಂಬುದು ಅವಳ ವಿಷಯ. ಅವಳ ಪ್ರಬಂಧದಲ್ಲಿ ಜಕ್ಕಪ್ಪನ ಪುಟವಿರಲಿಲ್ಲ. ಬೈಂಡಿನ ತಂತಿಗೆ ಸಿಕ್ಕಿಕೊಂಡ ಅದರ ಹರಿದ ಅಂಚು ಮಾತ್ರ ಇತ್ತು. ಹಿಂದಿನ ಹಾಳೆಯಲ್ಲಿ ಅವಳದೇ ಕೈಬರಹದಲ್ಲಿ ಎರಡು ಪುಸ್ತಕಗಳು, ಪುಟಸಂಖ್ಯೆಗಳ ಸಮೇತ; ಕೆಳಗೆ ಏಳು ಜನರ ಹೆಸರು, ವಯಸ್ಸು, ಮನೆಯ ಗುರುತು, ಮಾತಾಡಿದ ದಿನಾಂಕ.

ವಿಭಾಗದ ಮುಖ್ಯಸ್ಥರಾದ ಅಣ್ಣಾಸಾಬರು ಅವಳನ್ನು ಕರೆಸಿ, ಆ ಅಂಚನ್ನು ಬೆರಳಿನಿಂದ ಮೀಟಿದರು.

"ಏನವಾ ಕಾಂಚನ, ಇದ್ದ ಪುಟಾ ಹರದ ಒಗದು ಕಬ್ಬ ಕಡಿಯೋ ಸಕ್ಕುಬಾಯಿ ಹೆಸರ ಬರದಿಯಲ್ಲ, ಅಕಿ ಯಾವ ಯುನಿವರ್ಸಿಟಿ ಪ್ರೊಫೆಸರ್?"

"ಪ್ರೊಫೆಸರ್ ಅಲ್ರಿ ಸರ್. ನೀರ ಬಂದಾಗ ಇಡೀ ಓಣಿ ಎಮ್ಮಿ ಬಿಚ್ಚಿ ಹೊಡಕೊಂಡ ಹೋದಾಕಿ."

"ಗುರುವಾರ ಹೊರಗಿನ ಪರೀಕ್ಷಕರ ಬರ್ತಾರ. ಇದನ್ನ ನೋಡಿ ಫೇಲ್ ಮಾಡಿದ್ರ ಒಂದ ವರ್ಷ ಹೋಗ್ತೈತಿ, ಬಿ.ಎಡ್. ಸೀಟೂ ಹೋಗ್ತೈತಿ. ಸುಮ್ನ ಆ ಪುಟಾ ಮತ್ತ ಹಚ್ಚಿಸ್ಕೊಂಡ ಬಾ."

"ಎರಡ ಓದೇನ್ರಿ, ಎರಡ ಬರದೇನ್ರಿ. ಆ ಹತ್ತೊಂಬತ್ತ ನಾ ಕಣ್ಣಿಂದ ನೋಡಿಲ್ರಿ. ನಮ್ಮ ಓಣಿ ಯಾವ ಪುಸ್ತಕದಾಗೂ ಇಲ್ರಿ ಸರ್. ಯಾರ ಹೇಳ್ಯಾರ, ಅವರ ಹೆಸರ ಹಾಕೇನ್ರಿ."

ಅಣ್ಣಾಸಾಬರು ನನ್ನತ್ತ ನೋಡಿದರು. ಆಗ ನಾನು ಮಾತಾಡಬೇಕಿತ್ತು, ಆಡಲಿಲ್ಲ.

ಗುರುವಾರ ಬಂದ ಪರೀಕ್ಷಕಿ ನರೆಗೂದಲಿನ, ಮಿತಭಾಷಿ ಹೆಂಗಸು. ಮೊದಲು ಅಥಣಿಯ ದ್ರಾಕ್ಷಿತೋಟದ ಮನೆಯ ಅಮಿತನನ್ನು ಕರೆದರು.

"ನಿಮ್ಮ ಪಟ್ಟಿಯ ಏಳನೆಯ ಪುಸ್ತಕದಲ್ಲಿ ಏನಿದೆ?"

"ಅದನ್ನ ಜಕ್ಕಪ್ಪ ಕಾಕಾ ಹಾಕ್ಯಾನ್ರಿ ಮೇಡಮ್. ಅವನ್ನ ಕೇಳಬೇಕ್ರಿ."

ಹಿಂದಿನ ಬೆಂಚು ಗೊಳ್ಳೆಂದು ನಕ್ಕಿತು. ಪರೀಕ್ಷಕಿ ನಗಲಿಲ್ಲ.

"ಜಕ್ಕಪ್ಪನಿಗೆ ಈ ಪಟ್ಟಿ ಕೊಟ್ಟವರು ಯಾರು?"

ನನ್ನ ಕಣ್ಣು ಮೇಜಿನ ಮೇಲಿದ್ದ ಕಾಂಚನಳ ಪ್ರಬಂಧದ ಹರಿದ ಅಂಚಿನ ಮೇಲೆ ಬಿತ್ತು. ಎದ್ದು ನಿಂತೆ.

"ನಾನು. ಹದಿನೈದು ವರ್ಷಗಳ ಹಿಂದೆ ನನ್ನ ಎಂ.ಫಿಲ್. ಪ್ರಬಂಧವನ್ನು ಟೈಪು ಮಾಡಿದವನು ಜಕ್ಕಪ್ಪನೇ. ಆ ಪಟ್ಟಿ ಅವನಲ್ಲಿ ಉಳಿಯಿತು. ವರ್ಷ ವರ್ಷವೂ ನನ್ನ ಮೇಜಿಗೆ ಮರಳಿ ಬರುತ್ತಿದ್ದರೂ ನಾನು ಸುಮ್ಮನಿದ್ದೆ. ಏಕೆಂದರೆ ಆ ಹತ್ತೊಂಬತ್ತರಲ್ಲಿ ನಾಲ್ಕನ್ನು ನಾನೂ ಓದಿಲ್ಲ."

ಪರೀಕ್ಷಕಿ ಹನ್ನೊಂದು ಪ್ರಬಂಧಗಳನ್ನೂ ಹಿಂದಿರುಗಿಸಿ, ಓದಿದ್ದನ್ನಷ್ಟೇ ಹೆಸರಿಸಿ ತರಲು ಹದಿನೈದು ದಿನ ಕೊಟ್ಟರು. ಬಳಿಕ ಕಾಂಚನಳತ್ತ ತಿರುಗಿದರು.

"ಪುಸ್ತಕವಾದರೆ ನಾನು ತೆರೆದು ನೋಡಬಲ್ಲೆ. ಈ ಏಳು ಹೆಸರುಗಳನ್ನು ನೀನೇ ಹುಟ್ಟಿಸಿಲ್ಲವೆಂದು ಹೇಗೆ ನಂಬಲಿ?"

"ಪತ್ತಾ ಬರದೇನ್ರಿ ಮೇಡಮ್. ಯಾರ ಬೇಕಾದ್ರೂ ಹೋಗಿ ಕೇಳಬಹುದ್ರಿ."

"ಹಾಗಾದರೆ ನಡೆ."

ಮಧ್ಯಾಹ್ನ ಪರೀಕ್ಷಕಿ, ಅಣ್ಣಾಸಾಬರು, ಕಾಂಚನ, ನಾನು ನಾಲ್ವರೂ ಸದಲಗಾ ಮುಟ್ಟಿದಾಗ ಸಕ್ಕುಬಾಯಿ ಕಟ್ಟೆಯ ಮೇಲೆ ಕುಳಿತು ಶೇಂಗಾ ಸುಲಿಯುತ್ತಿದ್ದಳು.

"ಆಯಿ, ನಮ್ಮ ಕಾಲೇಜಿಂದ ಬಂದಾರ. ನೀರಿನ ಮಾತ ಕೇಳ್ತಾರಂತ."

"ಮತ್ತ? ನಿನಗ ಹೇಳಿ ಹೇಳೇ ನನ್ನ ಬಾಯಿ ಒಣಗೇತಿ. ಕುಂದರ್ರಿ."

ಪರೀಕ್ಷಕಿ ಪ್ರಬಂಧದಿಂದ ಒಂದೊಂದೇ ಸಂಗತಿಯನ್ನು ಓದಿದರು. ಮೊದಲು ಓದಿದ ಎರಡು ನೆರೆಗಳ ಮಟ್ಟವನ್ನು ಮುದುಕಿ ಗೋಡೆಯ ಮೇಲೆ ಅಂಗೈಯಿಟ್ಟು ತೋರಿಸಿದಳು. ಮೂರನೆಯದಾಗಿ ಓದಿದ, ಎಲ್ಲಕ್ಕೂ ಹಳೆಯ ನೆರೆಗೆ ಅವಳ ಕೈ ಏಳಲಿಲ್ಲ.

"ಹುಣಸಿಗಿಡದ ತನಕಾ ಬಂದದ್ದಾ? ಅದು ನಾ ನೋಡಿದ್ದಲ್ಲ. ಆಗ ನಾ ಈ ಮನಿಗಿ ಸೊಸಿಯಾಗಿ ಬಂದಿರಲಿಲ್ಲ. ನಮ್ಮತ್ತಿ ಲಕ್ಕವ್ವ ಹೇಳಿದ್ದು. ಅಕಿ ಹೆಸರ ಯಾಕ ಹಾಕಿಲ್ಲ ಬೇ?"

ಕಾಂಚನಳ ಮುಖ ಬಿಳಿಚಿತು.

"ನೀ ಹೇಳಲಿಲ್ಲಲ್ಲ ಆಯಿ."

"ನೀ ಕೇಳಲಿಲ್ಲಲ್ಲ!"

ಕಾಂಚನ ವಾದಿಸಲಿಲ್ಲ. ಪರೀಕ್ಷಕಿಯ ಕೈಯಿಂದ ಪ್ರಬಂಧವನ್ನು ಕೇಳಿ ಪಡೆದು, ಅಲ್ಲೇ ಕಟ್ಟೆಯ ಮೇಲಿಟ್ಟು ಬರೆದಳು: 'ಹುಣಸೆಗಿಡದ ತನಕ ಬಂದ ಹಳೆಯ ನೆರೆಯ ಸಂಗತಿ ದಿವಂಗತ ಲಕ್ಕವ್ವನದು, ಸೊಸೆ ಸಕ್ಕುಬಾಯಿಯಿಂದ ಕೇಳಿದ್ದು. ಮೊದಲು ತಪ್ಪಾಗಿ ಸಕ್ಕುಬಾಯಿ ಕಂಡದ್ದೆಂದು ಬರೆದಿದ್ದೆ.' ತಪ್ಪನ್ನೂ ಬರೆದಳು! ಅದನ್ನು ಯಾರೂ ಕೇಳಿರಲಿಲ್ಲ.

ಪರೀಕ್ಷಕಿ ಎರಡು ಸಲ ಓದಿದರು. ಆ ಸಾಲಿನ ಕೆಳಗೇ 'ಅಂಗೀಕರಿಸಿದೆ' ಎಂದು ಬರೆದು ಸಹಿ ಹಾಕಿದರು.

"ನಮ್ಮ ಹುಡುಗಿ ರೀ ಮೇಡಮ್, ನಮ್ಮ ಕಾಲೇಜಿನಾಕಿ," ಎಂದರು ಅಣ್ಣಾಸಾಬರು, ಎದೆಯುಬ್ಬಿಸಿ.

ನನಗೆ ಅಂದು ಅವರ ಮೇಲೆ ಸಿಟ್ಟು ಬರಲಿಲ್ಲ. ನನ್ನ ಎದೆಯೂ ಉಬ್ಬಿತ್ತು. ಮರುದಿನ ಗ್ರಂಥಾಲಯದಲ್ಲಿದ್ದ ನನ್ನ ಪ್ರಬಂಧವನ್ನು ತೆಗೆಸಿ, ನಾಲ್ಕು ಹೆಸರುಗಳ ಮೇಲೆ ಕೆಂಪು ಗೆರೆ ಎಳೆದೆ. ಅಂಚಿನಲ್ಲಿ ಕಾರಣ ಬರೆದೆ. ಹಾಗೆ ಬರೆಯಲು ಕಲಿಸಿದವಳ ಹೆಸರನ್ನೂ.