ಸಿನಿಕತನಕ್ಕೊಂದು ಉದಾಹರಣೆ

"ಅಂದ್ರ, ಯಾರು ಎಂಥಾ ಒಳ್ಳೇದು ಮಾಡಿದ್ರೂ ಅದರ ಹಿಂದ ಏನೋ ಸ್ವಾರ್ಥ ಐತಿ ಅನ್ನೂದು. ಅದು ಸಿನಿಕತನ."

ಸೋಮಲಿಂಗ ಸೀಮೆಸುಣ್ಣ ಕೆಳಗಿಟ್ಟ. ಬಾದಾಮಿಯ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುವ ಅವನಿಗೆ ಪದಗಳ ಅರ್ಥ ಬಿಟ್ಟರೆ ಬೇರೆ ಯಾವುದರ ಬಗ್ಗೆಯೂ ಖಾತ್ರಿಯಿರಲಿಲ್ಲ.

"ಒಂದು ಉದಾಹರಣಿ ಹೇಳ್ರಿ ಸರ್," ಎಂದಳು ಮುಂದಿನ ಬೆಂಚಿನ ಭಾಗ್ಯಾ.

"ಮೊನ್ನಿ ಮಲಪ್ರಭಾ ಹೊಳ್ಯಾಗ ಮುಳುಗೋ ಹುಡುಗೀನ ಉಳಿಸಿ ಒಬ್ಬ ಸತ್ತನಲ್ಲ, ಹುಚ್ಚೇಶ? ಪೇಪರಿನಾಗ ಫೋಟೋ ಬರಲಿ ಅಂತ ಹಾರಿದ ಅಂದ್ರ, ಅದು ಸಿನಿಕತನ."

ಭಾಗ್ಯಾ ಬರೆಯುವುದನ್ನು ನಿಲ್ಲಿಸಿ ತಲೆಯೆತ್ತಿದಳು.

"ಹಂಗ ಯಾರ ಅಂದಾರ್ರಿ ಸರ್?"

"ಯಾರೂ ಅಂದಿಲ್ಲ. ಉದಾಹರಣಿ ಅಷ್ಟ."

ಹುಚ್ಚೇಶ ತನ್ನ ಬಾಲ್ಯದ ಗೆಳೆಯನೆಂದು ಹೇಳಲಿಲ್ಲ. ಕುರಿ ಕಾಯುವಾಗ ಒಂದೇ ಕಂಬಳಿ ಹೊದ್ದು ಮಲಗಿದವರು. ಸಾವಿನ ಸುದ್ದಿ ಕೇಳಿದಾಗ ಸೋಮಲಿಂಗನಿಗೆ ಅಳು ಬಂದಿರಲಿಲ್ಲ. ಬಂದದ್ದು ಈ ಫೋಟೋದ ಯೋಚನೆ.

ಮಧ್ಯಾಹ್ನ, ಹುಚ್ಚೇಶನ ಮನೆಯವರನ್ನು ಮಾತಾಡಿಸಿ ಬರೋಣವೆಂದು ಹೊಳೆಯ ದಂಡೆಯ ಶಿವಯೋಗ ಮಂದಿರದ ಬಸ್ಸು ಹತ್ತಿದ. ಮುಂದಿನ ಸೀಟಿನಲ್ಲಿ ಅಪರಿಚಿತರಿಬ್ಬರು.

"ಫೋಟೋ ಬರಲಿ ಅಂತ ಹಾರಿದ್ನಂತಪಾ."

"ಖರೇನ?"

"ಎಲ್ಲಾರೂ ಅಂತಾರ."

ಮಾತು ಅವನದೇ, ದನಿ ಬೇರೆ. ಅಲ್ಲ ಎನ್ನಲು ಬಾಯಿ ತೆರೆದವನು ಹಾಗೇ ಮುಚ್ಚಿಕೊಂಡ.

ಹುಚ್ಚೇಶನ ಹೆಂಡತಿ ದಾನಮ್ಮ ಹೊಸ್ತಿಲ ಬಳಿ ಕೂತಿದ್ದಳು.

"ಅಣ್ಣಾರ, ಫೋಟೋದ ಆಸೇಕ ಹಾರಿದ್ರಂತ. ಹೌದೇನ್ರಿ?"

"ಯಾರಂದ್ರು?"

"ನಿನ್ನಿಯಿಂದ ಬಂದವ್ರೆಲ್ಲಾ ಅದನ್ನ ಕೇಳಾಕತ್ತಾರ."

ನಿನ್ನೆಯಿಂದ. ತಾನು ಬಾಯಿಬಿಟ್ಟದ್ದು ಇವತ್ತು. ಎಲ್ಲರ ತಲೆಯಲ್ಲೂ ಇದೇ ಇತ್ತೋ, ಇಲ್ಲಾ ತನ್ನ ತಲೆಯಿಂದ ತಾನೇ ಹೊರಬಿದ್ದು ತಿರುಗುತ್ತಿತ್ತೋ?

"ಸುಳ್ಳು ಅನ್ರಿ," ಎಂದಳು ದಾನಮ್ಮ. "ನೀವು ಓದಿದವ್ರು. ಒಮ್ಮಿ ಅಂದ್ರ ಸಾಕು, ಜನಾ ನಂಬ್ತಾರ."

ಸುಳ್ಳು ಎನ್ನುವುದು ಬಹಳ ಸಣ್ಣ ಪದ. ನಾಲಗೆಯ ತುದಿಗೆ ಬಂದೇಬಿಟ್ಟಿತ್ತು. ಅಷ್ಟರಲ್ಲಿ ತಲೆ ಕೇಳಿತು: ಇವಳಿಗೆ ಇದರಿಂದೇನು ಲಾಭ?

"ಜನಾ ಏನರ ಅಂತಾರ ತಂಗಿ," ಎಂದು ಎದ್ದ.

ದಾನಮ್ಮ ಅವನ ಮುಖವನ್ನೇ ನೋಡಿದಳು. ಆಮೇಲೆ ಸೆರಗೆಳೆದುಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಹೊಳೆಯ ದಂಡೆಗೆ ಬಂದ. ಇಳಿಬಿಸಿಲು. ಯಾರೂ ಇರಲಿಲ್ಲ.

"ಅವ ಒಳ್ಳೆಯವ ಇದ್ದ," ಎಂದು ಗಟ್ಟಿಯಾಗಿ ಹೇಳಿ ನೋಡಿದ. ಪಾಠ ಒಪ್ಪಿಸಿದಂತೆ ಕೇಳಿಸಿತು.

ಅವನ ನೆರಳು ನೀರಿಗೆ ಬೀಳುತ್ತಲೇ ಮೀನುಗಳು ಬಂದವು. ಯಾರೋ ಚುರುಮುರಿ ಚೆಲ್ಲಿ ರೂಢಿ ಮಾಡಿಸಿರಬೇಕು. ಅವನ ಕೈ ಖಾಲಿಯಿತ್ತು. ಆದರೂ ಬಂದವು, ಒಂದರ ಮೇಲೊಂದು ಏರಿ, ಬಾಯಿ ತೆರೆದು ಮುಚ್ಚಿ, ತೆರೆದು ಮುಚ್ಚಿ, ಸದ್ದಿಲ್ಲದೆ ಏನನ್ನೋ ಹೇಳುತ್ತ.

ಏನೆಂದು ತಿಳಿಯಲು ಬಗ್ಗಿದ. ಅವನ ತುಟಿಗಳೂ ಅವುಗಳೊಂದಿಗೆ ಅಲ್ಲಾಡತೊಡಗಿದವು: ಫೋಟೋ ಬರಲಿ ಅಂತ, ಫೋಟೋ ಬರಲಿ ಅಂತ.