ಒಡೆದ ಸೀಸೆ

ಪಂದ್ಯ ಗೆದ್ದ ಬೆವರು ಆರುವ ಮೊದಲೇ ಲೀಗಿನ ಮದ್ದು ತಪಾಸಣೆಯವನು ಮೂತ್ರದ ಸೀಸೆ ಹಿಡಿದು ಗೂಳಿಯ ಬೆನ್ನು ಹತ್ತಿದ. ಫುಟ್‌ಬಾಲ್ ತಂಡಕ್ಕೆಲ್ಲ ಅವನು ಗೂಳಿಯೇ, ಸ್ವಂತ ಹೆಸರು ಯಾರಿಗೂ ಬೇಕಿರಲಿಲ್ಲ. ನಿಯಮ ನಿಯಮವೇ ಎಂದು ತಪಾಸಣೆಯವನು ಶೌಚಾಲಯದೊಳಗೂ ಬಂದು, ಎದುರಿಗೇ ನಿಂತು ಕಣ್ಣು ನೆಟ್ಟ.

ಸೀಸೆ ತುಂಬುತ್ತಿದ್ದಂತೆ ಗೂಳಿಗೆ ಸೂಜಿಯ ನೆನಪಾಯಿತು. ತಂಡಕ್ಕೆ ಮಾಲೀಶು ಮಾಡುವ ತನ್ನ ಸ್ವಂತ ಅಣ್ಣನನ್ನು ಕಾಡಿ ಬೇಡಿ, ಕಸುವು ಹೆಚ್ಚಿಸುವ ನಿಷೇಧಿತ ಮದ್ದನ್ನು ಇಡೀ ಋತು ತೊಡೆಗೆ ಚುಚ್ಚಿಸಿಕೊಂಡಿದ್ದ. ಮೂತ್ರ ಲ್ಯಾಬಿಗೆ ಹೋದರೆ ತನ್ನ ಕಥೆ ಮುಗಿಯಿತು! ಸೀಸೆಯನ್ನು ಗೋಡೆಗೆ ಅಪ್ಪಳಿಸಿದ. ತಡೆಯಲು ಬಂದವನ ಕತ್ತು ಹಿಡಿದು ಮುಖವನ್ನು ಬೇಸಿನ್ನಿಗೆ ಬಡಿದ. ಮತ್ತೆ ಬಡಿದ. ಮೂಗು ಲಟಕ್ಕೆಂದಿತು, ಬಿಳಿ ಟೈಲ್ಸ್ ಮೇಲೆ ರಕ್ತ ಚಿಮ್ಮಿತು.

"ಬಿಡೋ, ಸತ್ತೋಗ್ತಾನೆ!" ಅಣ್ಣ ಓಡಿಬಂದು ಎಳೆದ.

ತಪಾಸಣೆಯವನು ನೆಲದಿಂದಲೇ ರಕ್ತ ಉಗಿದ. "ಸೀಸೆ ಒಡೆದ್ರೆ ಮದ್ದು ತಗೊಂಡ ಹಾಗೇ ಲೆಕ್ಕ. ನಾಲ್ಕು ವರ್ಷ ಮೈದಾನ ಮರ್ತುಬಿಡು."

ಅಣ್ಣ ತಲೆ ಚಚ್ಚಿಕೊಂಡ. "ಅಯ್ಯೋ ಮುಠ್ಠಾಳ, ಯಾಕೋ ಒಡೆದೆ? ನಾನು ಚುಚ್ಚಿದ್ದು ಬರೀ ಉಪ್ಪುನೀರು ಕಣೋ. ನಿಂಗೆ ವಿಷ ಹಾಕೋಕೆ ನಂಗೆ ಕೈ ಬರ್ಲಿಲ್ಲ."

"ಸುಳ್ಳು! ಹಾಗಾದ್ರೆ ಈ ಕಸುವೆಲ್ಲ ಎಲ್ಲಿಂದ ಬಂತು?"

"ಎಲ್ಲಾ ನಿಂದೇ."

ಗೂಳಿಯ ಮುಷ್ಟಿ ಅಣ್ಣನ ಬಾಯಿಗೇ ಬಿತ್ತು. ಅಣ್ಣ ಗೋಡೆಗೆ ಬಡಿದು ಕುಸಿದ. ಮುರಿದ ಎರಡು ಹಲ್ಲುಗಳನ್ನು ಅಂಗೈಗೆ ಉಗಿದುಕೊಂಡು ತಮ್ಮನ ಮುಂದೆ ಹಿಡಿದ.

"ಇದೂ ನಿಂದೇ ಕಣೋ."